ಹಾದಿ ಬಲ್ಲವನನ್ನು ಒಯ್ಯುವ ದೋಣಿ

ಎಡಪ್ಪಾಡಿಗೆ ಸಮೀಪದ ಪೂಲಾಂಪಟ್ಟಿಯಲ್ಲಿ ಕಾವೇರಿಯನ್ನು ದಾಟಿ ಆಚೆ ದಡದ ನೆರಿಂಜಿಪೇಟೆಗೆ ಹೋಗುವವರು ದೋಣಿ ಏರುತ್ತಾರೆ. ಎಲ್ಲಿ ಮಡು, ಎಲ್ಲಿ ಬಂಡೆ, ಎಲ್ಲಿ ಸೆಳವು ಎಂಬುದನ್ನು ಅರಿತವನೇ ಅಂಬಿಗ. ಕಡಲಿನ ಬಂದರುಗಳಲ್ಲಿಯೂ ಇಂತಹ ಅರಿವು ಬೇಕು. ಆದರೆ ಅಲ್ಲಿ ನೀರನ್ನು ಬಲ್ಲವನು ಪರರ ಹಡಗನ್ನು ಏರಿ ದಾರಿ ತೋರಬೇಕಾಗುತ್ತದೆ. ಅವನೇ ಪೈಲಟ್. ಅವನನ್ನು ಹಡಗಿಗೆ ಮುಟ್ಟಿಸಿ, ಕೆಲಸ ಮುಗಿದ ಮೇಲೆ ಮರಳಿ ಕರೆತರುವುದು ಪೈಲಟ್ ದೋಣಿ.

ಕರ್ನಾಟಕದಲ್ಲಿ ಇದಕ್ಕೆ ನಿದರ್ಶನ ಪಣಂಬೂರಿನ ನವಮಂಗಳೂರು ಬಂದರು. 1974ರಲ್ಲಿ ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿತವಾದ ಇದು ನೆಲವನ್ನು ಅಗೆದು ನಿರ್ಮಿಸಿದ ಕೃತಕ ಬಂದರು. ಹೂಳೆತ್ತಿ ಆಳಗೊಳಿಸಿದ ಕಾಲುವೆಯ ಮೂಲಕವೇ ಹಡಗುಗಳು ಒಳಬರಬೇಕು. ಕಚ್ಚಾತೈಲವನ್ನೋ ಕಲ್ಲಿದ್ದಲನ್ನೋ ಹೊತ್ತ ಹಡಗು ಯಂತ್ರ ನಿಲ್ಲಿಸಿದೊಡನೆ ನಿಲ್ಲದು. ದೂರದೇಶದ ಕಪ್ತಾನನಿಗೆ ತನ್ನ ಹಡಗಿನ ಸ್ವಭಾವ ಗೊತ್ತು, ಈ ಕಾಲುವೆಯ ಸ್ವಭಾವ ಗೊತ್ತಿರುವುದಿಲ್ಲ. ಆ ಕೊರತೆಯನ್ನು ತುಂಬುವವನು ಪೈಲಟ್.

ಅವನ ಕೆಲಸದಲ್ಲಿ ಅತ್ಯಂತ ಅಪಾಯದ ಗಳಿಗೆ ದೋಣಿಯಿಂದ ಹಡಗಿಗೆ ಕಾಲಿಡುವ ಗಳಿಗೆ. ಹಡಗು ಪೂರ್ತಿ ನಿಲ್ಲುವುದಿಲ್ಲ. ವೇಗ ತಗ್ಗಿಸಿ, ತನ್ನ ಒಡಲನ್ನು ಗಾಳಿಗೂ ಅಲೆಗೂ ಅಡ್ಡ ಮಾಡುತ್ತದೆ. ಆ ಮರೆಯ ಬದಿಯ ಶಾಂತ ನೀರಿನಲ್ಲಿ ದೋಣಿಯು ಹಡಗಿಗೆ ಒತ್ತಿಕೊಂಡು ಸಮವೇಗದಲ್ಲಿ ಸಾಗುತ್ತದೆ. ಮೇಲಿನಿಂದ ಹಗ್ಗದ ಏಣಿ ಇಳಿಬಿಡುತ್ತಾರೆ. ದೋಣಿ ಅಲೆಯ ನೆತ್ತಿಗೆ ಏರಿದಾಗಲೇ ಪೈಲಟ್ ಏಣಿಯನ್ನು ಹಿಡಿಯಬೇಕು. ತಡಮಾಡಿದರೆ ದೋಣಿ ಕೆಳಗಿಳಿದು, ಮರಳಿ ಏರುವಾಗ ಅವನ ಕಾಲಿಗೆ ಅಪ್ಪಳಿಸಬಹುದು. ಕೈ ಜಾರಿದರೆ ಎರಡು ಒಡಲುಗಳ ನಡುವೆ ಬೀಳಬಹುದು. ಆದುದರಿಂದಲೇ ಅಂತರರಾಷ್ಟ್ರೀಯ ನಿಯಮವು ಹಗ್ಗದ ಏಣಿಯ ಏರಿಕೆಯನ್ನು 9 ಮೀಟರಿಗೆ ಮಿತಿಗೊಳಿಸಿದೆ. ಅದಕ್ಕಿಂತ ಎತ್ತರವಿದ್ದಲ್ಲಿ ಹಡಗಿನ ಓರೆಯ ಮೆಟ್ಟಿಲನ್ನೂ ಅದರೊಂದಿಗೆ ಜೋಡಿಸಬೇಕು. ನೈರುತ್ಯ ಮಾರುತದ ತಿಂಗಳುಗಳಲ್ಲಿ ಅರಬ್ಬೀ ಕಡಲು ಉಬ್ಬಿದಾಗ ಈ ಕೆಲಸ ಮತ್ತಷ್ಟು ಕಠಿಣ.

ಇರುಳಿನಲ್ಲಿ ಪೈಲಟ್ ದೋಣಿಯನ್ನು ಅದರ ದೀಪಗಳಿಂದ ಗುರುತಿಸುತ್ತಾರೆ: ಮೇಲೆ ಬಿಳಿ, ಕೆಳಗೆ ಕೆಂಪು. ಪೈಲಟ್ ಹತ್ತಿದ ಮೇಲೆ ಹಡಗು ಹಗಲಿನಲ್ಲಿ ಅರ್ಧ ಬಿಳಿ, ಅರ್ಧ ಕೆಂಪಿನ ಬಾವುಟವನ್ನು ಏರಿಸುತ್ತದೆ. ಅವನು ಬಂದುದರಿಂದ ಕಪ್ತಾನನ ಹೊಣೆ ಇಳಿಯುವುದಿಲ್ಲ. ಹಡಗು ಕಪ್ತಾನನ ಅಧೀನದಲ್ಲಿಯೇ ಇರುತ್ತದೆ.

ಕನ್ನಡದ ‘ಅಂಬಿಗ’ ಎಂಬ ಮಾತು ಪೈಲಟನಿಗೆ ಪೂರ್ತಿ ಒಪ್ಪದಿರುವುದು ಇದರಿಂದಲೇ. ಅಂಬಿಗನಲ್ಲಿ ನೀರಿನ ಅರಿವೂ ದೋಣಿಯ ಹೊಣೆಯೂ ಒಂದೆಡೆ ಕೂಡಿವೆ. ಪೈಲಟನಲ್ಲಿರುವುದು ಆ ನೀರಿನ ಅರಿವು. ಅದನ್ನು ಹೊಣೆ ಹೊತ್ತವನ ಬಳಿಗೆ ತಲುಪಿಸಲು ಪ್ರತಿಸಲವೂ ಒಂದು ಸಣ್ಣ ದೋಣಿ ಅಲೆಗಳನ್ನು ಸೀಳಿ ಹೊರಡಬೇಕು, ಒಬ್ಬ ಮನುಷ್ಯ ಹಗ್ಗದ ಏಣಿಯನ್ನು ಹತ್ತಬೇಕು.