ಮಳೆಗೆ ಮುಂಚಿನ ಹೂಗಾಲ

ತೀರ್ಥಹಳ್ಳಿ ಸೀಮೆಯ ಮರಗಳು ಹೂ ಬಿಡಲು ಆರಿಸಿಕೊಳ್ಳುವುದು ವರ್ಷದ ಅತಿ ಒಣ ತಿಂಗಳುಗಳನ್ನು. ಸಂಕ್ರಾಂತಿಯ ಆಚೀಚೆ ಮಾವು ಹೂ ಹೊರುತ್ತದೆ. ಶಿವರಾತ್ರಿಯ ಹೊತ್ತಿಗೆ ಎಲೆ ಕಳಚಿದ ಬೂರುಗ, ಹಾಲವಾಣಗಳ ಮೈತುಂಬ ಕೆಂಪು. ಯುಗಾದಿ ಬಂತೆಂದರೆ ಸುರಗಿಯ ಪರಿಮಳ. ಕುಪ್ಪಳ್ಳಿಯ ಕವಿಮನೆ ನೋಡಲು ಬೇಸಿಗೆ ರಜೆಯಲ್ಲಿ ಬರುವವರು ಕವಿಶೈಲವನ್ನು ಹತ್ತುವಷ್ಟರಲ್ಲಿ ಸುತ್ತಲಿನ ಕಾಡು ಹೂವಿನ ಕೆಲಸವನ್ನು ಬಹುಪಾಲು ಮುಗಿಸಿ ಕಾಯಿ ಕಟ್ಟುತ್ತಿರುತ್ತದೆ.

ಬಾವಿಯ ನೀರು ತಳ ಕಾಣುವ ಕಾಲದಲ್ಲೇ ಮರಗಳಿಗೆ ಹೂವಿನ ಸಡಗರವೇಕೆ? ಶೀತದೇಶಗಳ ವಸಂತವನ್ನು ತರುವುದು ಬಿಸಿಲು. ಹಿಮ ಕರಗಿ ಹಗಲು ಉದ್ದವಾದಂತೆ ಅಲ್ಲಿ ಮೊಗ್ಗು ಒಡೆಯುತ್ತದೆ. ನಮ್ಮಲ್ಲಿ ಕಾಲವನ್ನು ಆಳುವುದು ಮಳೆ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಅಂಥ ಮಳೆಯಲ್ಲಿ ಪರಾಗ ತೊಳೆದುಹೋಗುತ್ತದೆ, ಜೇನು ಗೂಡು ಬಿಟ್ಟು ಹಾರಲಾರದು. ಒಣಗಾಲದಲ್ಲಿ ಅರಳಿದ ಹೂವಿಗೆ ಈ ತೊಡಕಿಲ್ಲ. ಎಲೆಯಿಲ್ಲದ ಕೊಂಬೆಯಲ್ಲಿ ಅದು ದೂರಕ್ಕೂ ಕಾಣುತ್ತದೆ. ಅದರ ಬೀಜ ಬಲಿತು ಬೀಳುವ ಹೊತ್ತಿಗೆ ಮೊದಲ ಮಳೆ ನೆಲವನ್ನು ಹದಗೊಳಿಸಿರುತ್ತದೆ. ಮಲೆನಾಡಿನ ವಸಂತವೆಂದರೆ ಮಳೆಗಾಲದ ತಯಾರಿ. ಮರಕ್ಕೆ ಹೇಗೋ ಹಾಗೆಯೇ ಜೇನಿಗೆ, ಹಕ್ಕಿಗೆ, ಚಿಟ್ಟೆಗೆ. ಈ ತಯಾರಿಯಲ್ಲಿ ನಮ್ಮ ಅಂಗಳ, ಹಿತ್ತಲುಗಳ ಪಾಲು ನಾವು ತಿಳಿದಿರುವುದಕ್ಕಿಂತ ದೊಡ್ಡದು.

ಮನೆ ಹಿಂದಿನ ಮಾವನ್ನೇ ನೋಡಿ. ಒಂದು ಹೂಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ. ಅವುಗಳಲ್ಲಿ ಹಲವು ಬರೀ ಗಂಡು. ಉಳಿದವು ಮಾತ್ರ ಗಂಡು–ಹೆಣ್ಣು ಎರಡೂ ಅಂಗವಿರುವಂಥವು. ಕಾಯಾಗಿ ನಿಲ್ಲುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಈ ಪುಟ್ಟ ಹೂಗಳ ಪರಾಗವನ್ನು ಹೊರುವವರಲ್ಲಿ ಜೇನಿನಷ್ಟೇ ಮುಖ್ಯ ನಾವು ಕೈಬೀಸಿ ಓಡಿಸುವ ನೊಣಗಳು. ಸಾಗರ, ಹೊಸನಗರದ ಮನೆಗಳಲ್ಲಿ ಅಪ್ಪೆಮಿಡಿಯ ಜಾಡಿ ತುಂಬಲು ಅವೂ ದುಡಿದಿರುತ್ತವೆ. ಹೂ ಅರಳಿರುವಾಗ ಜಿಗಿಹುಳುವಿಗೆಂದು ಹೊಡೆದ ಔಷಧಿ ಈ ದುಡಿಮೆಗಾರರನ್ನೂ ಕೊಲ್ಲುತ್ತದೆ.

ಅಡಿಕೆ ತೋಟದ ನಡುವೆ ಕಾಫಿ ಇರುವವರು ಇನ್ನೊಂದನ್ನು ಕಂಡಿರುತ್ತಾರೆ. ಬಿಸಿಲಿಗೆ ಬಾಡಿದ ಗಿಡದಲ್ಲಿ ಮೊಗ್ಗುಗಳು ಉಸಿರು ಹಿಡಿದು ಕೂತಿರುತ್ತವೆ. ಹೂ ಮಳೆ ಬಿದ್ದ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಒಮ್ಮೆಲೇ ಬೆಳ್ಳಗಾಗುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಅದು ಗಾಳಿಯಲ್ಲಿ ಬರಬೇಕು, ಇಲ್ಲವೇ ಜೇನಿನ ಮೈಗೆ ಅಂಟಿಕೊಂಡು ಬರಬೇಕು. ಹೂ ನಿಲ್ಲುವುದು ಕೆಲವೇ ದಿನ. ಆ ಕೆಲವು ದಿನಕ್ಕೆ ಜೇನು ಹತ್ತಿರದಲ್ಲಿ ಇರಬೇಕೆಂದರೆ ಉಳಿದ ದಿನಗಳಲ್ಲೂ ಅದಕ್ಕೆ ಅಲ್ಲಿ ಮೇವು ಸಿಗಬೇಕು.

ನಮ್ಮ ಜೇನುಗಳಲ್ಲಿ ಹೆಜ್ಜೇನು ಎತ್ತರದ ಮರಗಳಲ್ಲಿ, ಬಂಡೆಗಳಲ್ಲಿ ತೂಗುತ್ತದೆ. ತುಡುವೆ ಮರದ ಪೊಟರೆಯಲ್ಲೂ ಸಾಕುವವರ ಪೆಟ್ಟಿಗೆಯಲ್ಲೂ ಇರುತ್ತದೆ. ಕುಟುಕದ ಮಿಸರಿ ಹಳೆಯ ಮನೆಯ ಮಣ್ಣುಗೋಡೆಯ ಬಿರುಕಿನಲ್ಲಿ ಅಂಟಿನ ಸಣ್ಣ ಕೊಳವೆಯನ್ನೇ ಬಾಗಿಲು ಮಾಡಿಕೊಂಡು ಬದುಕುತ್ತದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಕಾಲಿಟ್ಟು ತುಡುವೆಯ ಮರಿಗಳನ್ನು ಕೊಂದಿತು. ಸಾಕಿದವರ ಪೆಟ್ಟಿಗೆಗಳು ಊರೂರಿನಲ್ಲಿ ಬರಿದಾದವು. ತುಡುವೆ ಮತ್ತೆ ಚೇತರಿಸಿಕೊಂಡಿದ್ದರೂ ಆ ಪೆಟ್ಟು ಕಲಿಸಿದ ಪಾಠವನ್ನು ಮರೆಯುವಂತಿಲ್ಲ: ಒಂದೇ ಬಗೆಯ ಜೇನನ್ನು ನೆಚ್ಚಿಕೊಂಡ ತೋಟ ಅಪಾಯದಲ್ಲಿರುತ್ತದೆ.

ಕೆಂಪು ಹೂಗಳ ಗಿರಾಕಿಗಳೇ ಬೇರೆ. ಜೇನಿನ ಕಣ್ಣಿಗೆ ನಮಗೆ ಕಾಣದ ನೇರಳಾತೀತ ಬೆಳಕು ಕಾಣುತ್ತದೆ, ಕೆಂಪು ಮಾತ್ರ ಸರಿಯಾಗಿ ಕಾಣದು. ಹಕ್ಕಿಗೆ ಕೆಂಪು ಚೆನ್ನಾಗಿ ಕಾಣುತ್ತದೆ. ಅದಕ್ಕೇ ಬೂರುಗ, ಹಾಲವಾಣಗಳು ಹೂ ಬಿಟ್ಟಾಗ ಮೈನಾ, ಪಿಕಳಾರ, ಸೂರಕ್ಕಿಗಳ ಸಂತೆ ನೆರೆಯುತ್ತದೆ. ಅಂಗಳದ ಕೆಂಪು ದಾಸವಾಳಕ್ಕೂ ಸೂರಕ್ಕಿ ಬರುತ್ತದೆ. ಪಶ್ಚಿಮಘಟ್ಟಕ್ಕೇ ಸೀಮಿತವಾದ ಸಣ್ಣ ಸೂರಕ್ಕಿಯ ತೂಕ ಐದಾರು ಗ್ರಾಂ ಅಷ್ಟೆ. ಅದು ಮಕರಂದ ಕುಡಿದರೂ ಮರಿಗಳಿಗೆ ಹುಳು, ಜೇಡಗಳನ್ನು ತಿನ್ನಿಸುತ್ತದೆ, ಗೂಡಿನ ನಾರುಗಳನ್ನು ಜೇಡರ ಬಲೆಯಿಂದ ಬಿಗಿಯುತ್ತದೆ. ಸೂರಿನಡಿ, ಬೇಲಿಯಲ್ಲಿ ಒಂದಿಷ್ಟು ಜೇಡರ ಬಲೆ ಉಳಿದಿದ್ದರೆ ಅದರ ಸಂಸಾರ ಸುಲಭ. ದಾಸವಾಳ ನೆಡುವಾಗ ಐದೆಸಳಿನದನ್ನು ಆರಿಸಿ. ದಳದ ಮೇಲೆ ದಳ ಮುದ್ದೆಗಟ್ಟುವ ಜಾತಿಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ; ಪರಾಗ ಕಡಿಮೆ, ಮಕರಂದದ ದಾರಿಯೂ ಮುಚ್ಚಿಹೋಗಿರುತ್ತದೆ.

ಹಿತ್ತಲಿನ ಬಾಳೆಯದು ದೊಡ್ಡ ದಾನ. ನಾವು ತಿನ್ನುವ ಬಾಳೆ ಪರಾಗಸ್ಪರ್ಶವಿಲ್ಲದೆ ಬೀಜವಿಲ್ಲದ ಹಣ್ಣು ಕಟ್ಟುತ್ತದೆ, ಅದಕ್ಕೆ ಯಾರ ನೆರವೂ ಬೇಡ. ಆದರೂ ಅದರ ಮೂತಿಯ ಒಂದೊಂದು ಪದರ ಬಿಚ್ಚಿದಾಗಲೂ ಮಕರಂದ ಒಸರುತ್ತದೆ. ಹಗಲು ಜೇನು, ಸೂರಕ್ಕಿ, ಅಳಿಲು, ರಾತ್ರಿ ಬಾವಲಿ. ವರ್ಷದ ಯಾವ ತಿಂಗಳಲ್ಲೂ ಯಾವುದಾದರೊಂದು ಬಾಳೆ ಮೂತಿ ಹಾಕಿರುವುದರಿಂದ ಬೇರೆ ಹೂಗಳಿಲ್ಲದ ದಿನಗಳಲ್ಲಿ ಹಲವು ಜೀವಗಳಿಗೆ ಇದೇ ಆಸರೆ.

ಹೂವಷ್ಟೇ ಸಾಲದು. ಚಿಟ್ಟೆ ಹಲವು ಬಗೆಯ ಹೂವಿನಿಂದ ಕುಡಿದೀತು, ಅದರ ಹುಳು ಮಾತ್ರ ತನ್ನ ಗಿಡ ಬಿಟ್ಟು ಬೇರೆಯದನ್ನು ಮುಟ್ಟದು. ಕರಿಬೇವು, ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕೂತಿರುವುದು ಮಾರ್ಮನ್ ಚಿಟ್ಟೆಯ ಎಳೆಯ ಹುಳು. ಬಲಿತ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ಘಾಟು ಬಿಡುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಹುಳು ತಿನ್ನುವುದು ಈಶ್ವರಿ ಬಳ್ಳಿಯಂಥ ಗಿಡಗಳ ಎಲೆ. ಆ ಎಲೆಯ ವಿಷ ಅದರ ಮೈಯಲ್ಲಿ ಸೇರಿ ಶತ್ರುಗಳಿಂದ ಕಾಪಾಡುತ್ತದೆ. ಬೇಲಿ ಸವರುವಾಗ ಈ ಬಳ್ಳಿಯನ್ನು ಕಿತ್ತೆಸೆದರೆ ಅಂಗಳದಲ್ಲಿ ಎಷ್ಟು ಕೇಪಳ ಅರಳಿದರೇನು, ಮುಂದಿನ ತಲೆಮಾರಿನ ಚಿಟ್ಟೆ ಎಲ್ಲಿಂದ ಬರಬೇಕು?

ಹಾಗಾಗಿ ಹೂದೋಟ ಮಾಡುವವರು ಬಣ್ಣಕ್ಕಿಂತ ಮೊದಲು ತಿಂಗಳುಗಳನ್ನು ಲೆಕ್ಕ ಹಾಕಬೇಕು. ಸಂಕ್ರಾಂತಿಯಿಂದ ಮುಂಗಾರಿನವರೆಗೆ ಒಂದರ ಹಿಂದೊಂದು ಹೂ ಇರುವಂತೆ ಮಾವು, ಹಾಲವಾಣ, ಸುರಗಿ, ಹೊಂಗೆ, ಕೇಪಳ, ಬಾಳೆಗಳನ್ನು ಹೊಂದಿಸಿಕೊಳ್ಳಬಹುದು. ಹುಳುಗಳಿಗೆಂದು ಕರಿಬೇವಿನ ಒಂದೆರಡು ಕೊಂಬೆ ಬಿಟ್ಟುಕೊಡಬಹುದು. ಒಣಗಿದ ದಿಮ್ಮಿಯೊಂದು ಮೂಲೆಯಲ್ಲಿದ್ದರೆ ಅದನ್ನು ಕೊರೆದು ಗೂಡು ಮಾಡುವ ದೊಡ್ಡ ಕಪ್ಪು ದುಂಬಿಗೆ ಮನೆಯಾಯಿತು. ಜೇನು ಸಾಕಿದವರು ಬೇಸಿಗೆಯ ಕೊನೆಯಲ್ಲಿ ತುಪ್ಪ ತೆಗೆಯುವಾಗ ಎರಿಗಳನ್ನು ಪೂರಾ ಬರಿದು ಮಾಡಬಾರದು. ಮುಂದಿನ ನಾಲ್ಕು ತಿಂಗಳು ಹೂವೂ ಕಡಿಮೆ, ಹಾರಲು ಮಳೆಯ ಬಿಡುವೂ ಕಡಿಮೆ. ಉಣ್ಣಲು ಇಲ್ಲವಾದರೆ ತುಡುವೆ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ವಸಂತದಲ್ಲಿ ಅದು ಕೂಡಿಟ್ಟದ್ದು ಆಷಾಢಕ್ಕಾಗಿ. ಅದರ ಪಾಲನ್ನು ಅದಕ್ಕೆ ಉಳಿಸಿ, ಮೊದಲ ಮಳೆಗೆ ಎರಡು ಹೂಗಿಡ ನೆಟ್ಟರೆ ಬರುವ ವರ್ಷಗಳ ಮಾವು, ಕಾಫಿಗೆ ಕೆಲಸಗಾರರನ್ನು ಈಗಲೇ ಗೊತ್ತು ಮಾಡಿಕೊಂಡಂತೆ.