ಎಸ್ಸೆಸ್ಸೆಲ್ಸಿ ಗಣಿತ: ಪುನರಾವರ್ತನೆಯ ಲೆಕ್ಕಾಚಾರ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಲ್ಲಿ ಹತ್ತನೆಯ ತರಗತಿಯ ಪಾಠಗಳು ಮುಗಿಯುತ್ತ ಬರುವ ಕಾಲವೂ ಹೊಲದ ಕೆಲಸ ಬಿರುಸಾಗುವ ಕಾಲವೂ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಗೋವಿನಜೋಳದ ರಾಶಿ, ಭತ್ತದ ಕೊಯ್ಲು, ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸುವ ಕೆಲಸ ಇವೆಲ್ಲ ಒಂದರ ಹಿಂದೆ ಒಂದು ಬಂದು, ಮಾರ್ಚ್ ತಿಂಗಳಿನಲ್ಲಿ ಆರಂಭವಾಗುವ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಪುನರಾವರ್ತನೆ ನಡೆಯಬೇಕಾದ ತಿಂಗಳುಗಳನ್ನೇ ಆವರಿಸುತ್ತವೆ. ಆದ್ದರಿಂದ ದಿನಕ್ಕೆ ನಾಲ್ಕೈದು ತಾಸು ಓದುವಂತೆ ಹಾಕಿಕೊಟ್ಟ ವೇಳಾಪಟ್ಟಿ ಇಲ್ಲಿಯ ಅನೇಕ ಮಕ್ಕಳ ಪಾಲಿಗೆ ಗೋಡೆಯ ಮೇಲಿನ ಕಾಗದವಾಗಿಯೇ ಉಳಿಯುತ್ತದೆ. ಕೈಗೆ ಸಿಗುವ ಒಂದು ತಾಸನ್ನು ಯಾವ ಲೆಕ್ಕಗಳಿಗೆ, ಯಾವ ಕ್ರಮದಲ್ಲಿ ಕೊಡಬೇಕೆಂಬ ನಿರ್ಧಾರವೇ ಯೋಜನೆಯ ತಿರುಳಾಗುತ್ತದೆ.

ಆ ನಿರ್ಧಾರಕ್ಕೆ ಮೊದಲ ಆಧಾರ ಪ್ರಶ್ನೆಪತ್ರಿಕೆಯ ನೀಲನಕ್ಷೆ, ಅಂದರೆ ಯಾವ ಘಟಕದಿಂದ ಎಷ್ಟು ಅಂಕದ, ಯಾವ ಬಗೆಯ ಪ್ರಶ್ನೆಗಳು ಬರುತ್ತವೆಂದು ಮೊದಲೇ ಗೊತ್ತುಪಡಿಸುವ ಚೌಕಟ್ಟು. ಗಣಿತದ 100 ಅಂಕಗಳಲ್ಲಿ 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ ಸೇರಿದ್ದು, ಉಳಿದ 80 ಅಂಕಗಳಿಗೆ ಲಿಖಿತ ಪರೀಕ್ಷೆ ನಡೆಯುತ್ತದೆ. ಈಚಿನ ವರ್ಷಗಳ ಪತ್ರಿಕೆಯಲ್ಲಿರುವ 38 ಪ್ರಶ್ನೆಗಳಲ್ಲಿ 16 ಪ್ರಶ್ನೆಗಳಿಗೆ ಒಂದೊಂದು ಅಂಕ, 8ಕ್ಕೆ ಎರಡೆರಡು, 9ಕ್ಕೆ ಮೂರು ಮೂರು, 4ಕ್ಕೆ ನಾಲ್ಕು ನಾಲ್ಕು ಅಂಕಗಳಿದ್ದು, ಕೊನೆಯ ಒಂದು ಪ್ರಶ್ನೆಗೆ ಐದು ಅಂಕಗಳಿವೆ. ಒಂದು ಮತ್ತು ಎರಡು ಅಂಕದ ಪ್ರಶ್ನೆಗಳೇ ಸೇರಿ 32 ಅಂಕವಾಗುತ್ತವೆ ಎಂಬುದನ್ನು, ಪ್ರಮೇಯಗಳಿಗೆ ಹೆದರಿ ಇಡೀ ವಿಷಯವನ್ನೇ ಕೈಬಿಡುವ ವಿದ್ಯಾರ್ಥಿಗೆ ಪುನರಾವರ್ತನೆಯ ಮೊದಲ ದಿನವೇ ಕರಿಹಲಗೆಯ ಮೇಲೆ ಬರೆದು ತೋರಿಸಬೇಕು.

ಆದರೆ ಅಂಕಗಳ ಹಂಚಿಕೆ ತಿಳಿದ ಮಾತ್ರಕ್ಕೆ ಪುನರಾವರ್ತನೆ ಸರಿದಾರಿಗೆ ಬೀಳುವುದಿಲ್ಲ. ಬಹುತೇಕ ಮಕ್ಕಳು ಪಠ್ಯಪುಸ್ತಕದ ಕ್ರಮದಲ್ಲಿಯೇ ಹೊರಟು, ಒಂದು ಅಧ್ಯಾಯದ ಲೆಕ್ಕಗಳನ್ನೆಲ್ಲ ಮುಗಿಸಿದ ಮೇಲೆ ಮುಂದಿನದನ್ನು ಹಿಡಿಯುತ್ತಾರೆ. ಈ ಕ್ರಮದ ಕೊರತೆಯೆಂದರೆ, ಯಾವ ವಿಧಾನ ಬಳಸಬೇಕೆಂಬುದನ್ನು ಅಧ್ಯಾಯದ ಶೀರ್ಷಿಕೆಯೇ ಹೇಳಿಬಿಡುವುದರಿಂದ ವಿದ್ಯಾರ್ಥಿ ಅದನ್ನು ತಾನಾಗಿ ಆರಿಸಿಕೊಳ್ಳುವ ಪ್ರಸಂಗವೇ ಬರುವುದಿಲ್ಲ; ಪರೀಕ್ಷೆಯಲ್ಲಿ ಮಾತ್ರ ಪ್ರಶ್ನೆಯ ಮೇಲೆ ಅಂಥ ಶೀರ್ಷಿಕೆಯಿರುವುದಿಲ್ಲ. 2 ಮೀಟರ್ ಎತ್ತರದ ಕಂಬದ ನೆರಳು 3 ಮೀಟರ್ ಇರುವಾಗ ಒಂದು ಗೋಪುರದ ನೆರಳು 24 ಮೀಟರ್ ಇದ್ದರೆ ಅದರ ಎತ್ತರವೆಷ್ಟು ಎಂದು ಕೇಳಿದಾಗ, ಆಕಾರ ಒಂದೇ ಆಗಿದ್ದು ಅಳತೆ ಬೇರೆಯಾಗಿರುವ ಸಮರೂಪ ತ್ರಿಭುಜಗಳಿಂದ 16 ಮೀಟರ್ ಎಂಬ ಉತ್ತರ ದೊರೆಯುತ್ತದೆ. ಅದೇ 24 ಮೀಟರ್ ನೆರಳಿನ ತುದಿಯಿಂದ ಗೋಪುರದ ಮೇಲ್ತುದಿಯನ್ನು ನೋಡಿದ ಉನ್ನತ ಕೋನ 30 ಡಿಗ್ರಿ ಎಂದು ಕೊಟ್ಟರೆ, ತ್ರಿಕೋನಮಿತಿಯ ಟ್ಯಾನ್ ಅನುಪಾತ ಬಳಸಬೇಕಾಗುತ್ತದೆ, ಆಗ ಎತ್ತರ 8√3 ಮೀಟರ್ ಆಗುತ್ತದೆ. ಚಿತ್ರ ಎರಡಕ್ಕೂ ಒಂದೇ ಬಗೆಯದು. ಎರಡು ಅಧ್ಯಾಯಗಳನ್ನು ಬೇರೆ ಬೇರೆ ತಿಂಗಳಿನಲ್ಲಿ ಮುಗಿಸಿ ಮುಚ್ಚಿಟ್ಟ ವಿದ್ಯಾರ್ಥಿ ಎಡವುವುದು ಇಲ್ಲಿಯೇ.

ಅಮೆರಿಕದ ಸಂಶೋಧಕರಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಷಯಕ್ಕೆ ಸಂಬಂಧಿಸಿದ್ದು. ಘನಾಕೃತಿಗಳ ಘನಫಲ ಕಂಡುಹಿಡಿಯುವ ಲೆಕ್ಕಗಳನ್ನು ಬಗೆಬಗೆಯಾಗಿ ವಿಂಗಡಿಸಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ 89ರಷ್ಟನ್ನು ಸರಿಯಾಗಿ ಬಿಡಿಸಿದರು, ಬೆರೆಸಿ ಅಭ್ಯಾಸ ಮಾಡಿದವರು ಬಿಡಿಸಿದ್ದು ಶೇ 60ರಷ್ಟನ್ನು. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು ಶೇ 20ಕ್ಕೆ ಇಳಿದರೆ, ಎರಡನೆಯ ಗುಂಪು ಶೇ 63ರಲ್ಲಿ ನಿಂತಿತು. ಬೆರೆಸಿದ ಅಭ್ಯಾಸ ಆರಂಭದಲ್ಲಿ ಕಷ್ಟವೆನಿಸಿ, ತಪ್ಪುಗಳು ಹೆಚ್ಚಾಗಿ, ಮಕ್ಕಳು ಎದೆಗುಂದುವ ಸಂಭವವಿದೆಯಾದ್ದರಿಂದ ಈ ಅಂಕಿಗಳನ್ನು ಅವರಿಗೆ ತಿಳಿಸುವುದು ಅಗತ್ಯ. ಒಂದು ತಾಸಿನ ಪುನರಾವರ್ತನೆಯಲ್ಲಿ ಆ ವಾರ ಕಲಿತ ಪಾಠದಿಂದ ಎರಡು ಲೆಕ್ಕ, ತಿಂಗಳ ಹಿಂದಿನ ಪಾಠದಿಂದ ಎರಡು, ಮೊದಲ ಅವಧಿಯ ಪಾಠದಿಂದ ಒಂದು ಎಂದು ಬೆರೆಸಿಕೊಂಡರೆ ಸಾಕು. ಕಲಿತದ್ದು ಮೊದಮೊದಲು ಬೇಗನೆ, ಆಮೇಲೆ ನಿಧಾನವಾಗಿ ಮರೆತುಹೋಗುತ್ತದೆಂದು ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದರು. ಬಿಟ್ಟು ಬಿಟ್ಟು ಮರಳಿ ಹಿಡಿಯುವ ಈ ಕ್ರಮ ಆ ಮರೆವಿಗೂ ಉತ್ತರವಾಗುತ್ತದೆ.

ಗಣಿತ ಹೊರಗಿನಿಂದ ಬಂದ ಕಠಿಣ ವಿದ್ಯೆಯೆಂಬ ಭಾವನೆ ಈ ಭಾಗದ ಮಕ್ಕಳಲ್ಲಿ ಇರಬಾರದು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನ ಹೆಸರನ್ನು ಹೊತ್ತ ಊರು; ಅದೇ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ರಚಿಸಿ, ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ. ಇಂದಿನ ಹತ್ತನೆಯ ತರಗತಿಯಲ್ಲಿ ವರ್ಗಸಮೀಕರಣದ ಮೂಲಗಳ ಸ್ವಭಾವ ತಿಳಿಸುವ ಶೋಧಕದ ಪಾಠ ನಿಂತಿರುವುದೂ ಇದೇ ಮಾತಿನ ಮೇಲೆ. ಸಹಗುಣಕಗಳು ಕ್ರಮವಾಗಿ 1, 2, 5 ಆದಾಗ 4ರಲ್ಲಿ 20 ಕಳೆದು ಶೋಧಕದ ಬೆಲೆ −16 ಬರುವುದರಿಂದ, ಆ ಸಮೀಕರಣಕ್ಕೆ ವಾಸ್ತವ ಮೂಲಗಳಿಲ್ಲವೆಂದು ಎರಡು ಸಾಲಿನಲ್ಲಿ ಬರೆದು ಮುಗಿಸಬಹುದು.

ಯೋಜನೆಯ ಇನ್ನೊಂದು ಆಧಾರ ವಿದ್ಯಾರ್ಥಿಯ ಸ್ವಂತ ತಪ್ಪುಗಳು. 5, 8, 11 ಎಂದು ಸಾಗುವ ಸಮಾಂತರ ಶ್ರೇಢಿಯಲ್ಲಿ, ಅಂದರೆ ಪ್ರತಿ ಪದವೂ ಹಿಂದಿನದಕ್ಕಿಂತ ಒಂದೇ ಪ್ರಮಾಣದಲ್ಲಿ ಹೆಚ್ಚುವ ಸಾಲಿನಲ್ಲಿ, 20ನೆಯ ಪದ ಬೇಕಾದಾಗ 3ನ್ನು 19ರಿಂದ ಗುಣಿಸಿ 5ನ್ನು ಕೂಡಿದರೆ 62 ಬರುತ್ತದೆ. 20ರಿಂದಲೇ ಗುಣಿಸಿ 65 ಎಂದು ಬರೆಯುವವರು ಬಹಳ. ಮೊದಲ ಪದಕ್ಕೆ ಏನನ್ನೂ ಕೂಡಬೇಕಾಗಿಲ್ಲ ಎಂಬ ಕಾರಣವನ್ನು ತಪ್ಪಿನ ಪಕ್ಕದಲ್ಲಿಯೇ ಬರೆದಿಟ್ಟುಕೊಂಡು, ಕೆಲವು ದಿನಗಳ ನಂತರ ಹಾಳೆ ಮುಚ್ಚಿ ಮತ್ತೆ ಬಿಡಿಸಿದರೆ ಆ ತಪ್ಪು ಮರುಕಳಿಸುವುದು ಕಡಿಮೆಯಾಗುತ್ತದೆ. ಮೌಲ್ಯಮಾಪನದಲ್ಲಿ ಸೂತ್ರಕ್ಕೆ, ಬೆಲೆಗಳನ್ನು ಆದೇಶಿಸಿದ್ದಕ್ಕೆ, ಸುಲಭೀಕರಿಸಿದ್ದಕ್ಕೆ ಅರ್ಧರ್ಧ ಅಂಕ ಕೊಡುವ ಪದ್ಧತಿಯಿರುವುದರಿಂದ ಹಂತಗಳನ್ನು ಬಿಡದೆ ಬರೆಯುವ ರೂಢಿಯೂ ಈ ಅಭ್ಯಾಸದಲ್ಲಿಯೇ ಬೆಳೆಯಬೇಕು.

ಶಾಲೆಗಳಲ್ಲಿ ಬಳಕೆಯಲ್ಲಿರುವ ‘ಪಾಸಿಂಗ್ ಪ್ಯಾಕೇಜ್’, ಅಂದರೆ ಮೇಲಿಂದ ಮೇಲೆ ಬರುವ ಪ್ರಶ್ನೆಗಳ ಕಿರುಸಂಕಲನ, ಹಿಂದುಳಿದ ವಿದ್ಯಾರ್ಥಿಗೆ ಧೈರ್ಯ ಕೊಡುತ್ತದೆಂಬುದು ನಿಜ. ನಕ್ಷೆಯ ಮೂಲಕ ಎರಡು ಸಮೀಕರಣಗಳ ಪರಿಹಾರ, ಥೇಲ್ಸ್ ಪ್ರಮೇಯ, ಬಾಹ್ಯ ಬಿಂದುವಿನಿಂದ ಎಳೆದ ಸ್ಪರ್ಶಕಗಳ ಪ್ರಮೇಯ, ವರ್ಗೀಕೃತ ದತ್ತಾಂಶದ ಸರಾಸರಿ ಇವನ್ನು ಮೊದಲು ಗಟ್ಟಿ ಮಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಸಾಲುಗಳನ್ನು ಬಾಯಿಪಾಠ ಮಾಡಿದವನು ಚಿತ್ರದ ಅಕ್ಷರಗಳು ಬದಲಾದೊಡನೆ ತಬ್ಬಿಬ್ಬಾಗುತ್ತಾನೆ. ಆದುದರಿಂದ ಡಿಸೆಂಬರ್‌ನಲ್ಲಿ ಅದು ಆರಂಭವಾಗಬಹುದೇ ಹೊರತು ಮಾರ್ಚ್‌ವರೆಗೂ ಅದೊಂದೇ ಸಾಲದು.

ಪರೀಕ್ಷೆಗೆ 3 ತಾಸು 15 ನಿಮಿಷಗಳಿದ್ದು, ಅದರಲ್ಲಿ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೆ ಮೀಸಲು. ಉಳಿದ 180 ನಿಮಿಷಗಳನ್ನು 80 ಅಂಕಗಳಿಗೆ ಹಂಚಿದರೆ ಅಂಕವೊಂದಕ್ಕೆ ಎರಡೂಕಾಲು ನಿಮಿಷ ಬರುತ್ತದೆ. ಮೂರು ಅಂಕದ ಪ್ರಶ್ನೆ ಏಳು ನಿಮಿಷ ದಾಟಿದರೆ ಅದನ್ನು ಬಿಟ್ಟು ಮುಂದೆ ಹೋಗುವುದನ್ನು ಗಡಿಯಾರ ಎದುರಿಗಿಟ್ಟು ಕಲಿಯಬೇಕು. 2023–24ರಿಂದ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿದ್ದು, ಅವುಗಳಲ್ಲಿ ಬಂದ ಉತ್ತಮ ಅಂಕಗಳೇ ಉಳಿಯುವುದರಿಂದ ಮೊದಲ ಪ್ರಯತ್ನದ ಭಯಕ್ಕೆ ಕಾರಣವಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಶಿಕ್ಷಕರು ಆ ವಾರದೊಳಗೇ ತಿದ್ದಿ ಮಕ್ಕಳ ಕೈಗೆ ಕೊಡಲಿ. ಜನವರಿಯಿಂದಾಚೆ ಸಂಜೆಯ ಒಂದು ತಾಸನ್ನು ಹೊಲ, ದನಕರು, ಅಡುಗೆಮನೆ ಯಾವ ಕೆಲಸವನ್ನೂ ಹೇಳದೆ ಮಗನಿಗೂ ಮಗಳಿಗೂ ಸಮನಾಗಿ ಬಿಟ್ಟುಕೊಡಬೇಕೆಂದು ಈ ನಾಲ್ಕು ತಾಲ್ಲೂಕುಗಳ ತಂದೆತಾಯಂದಿರಲ್ಲಿ ವಿನಂತಿ.