ಆಲಿಕಲ್ಲಿನ ದಾರಿ ಕಾಯುವವರು

ಶೀತದೇಶಗಳ ಜನರು ಚಳಿಗಾಲ ಬಂತೆಂದರೆ ಹಿಮದ ಬಿರುಗಾಳಿಯ ಸುದ್ದಿಗೆ ಕಿವಿಗೊಟ್ಟು ಕುಳ್ಳಿರುವರು. ೧೯೯೮ನೆಯ ಇಸವಿಯ ಜನವರಿಯಲ್ಲಿ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಸುರಿದ ಮಳೆಯು ಮುಟ್ಟಿದ ವಸ್ತುವಿನ ಮೇಲೆಯೇ ಹೆಪ್ಪುಗಟ್ಟಿ, ಗಿಡದ ಟೊಂಗೆಗಳನ್ನೂ ವಿದ್ಯುತ್ತಿನ ಉಕ್ಕಿನ ಗೋಪುರಗಳನ್ನೂ ಭಾರದಿಂದಲೇ ಕೆಡವಿತು. ಲಕ್ಷಾಂತರ ಜನರು ದೀಪವಿಲ್ಲದೆ, ಕಾವಿಲ್ಲದೆ ದಿನಗಳೆದರು. ಹುಬ್ಬಳ್ಳಿ-ಧಾರವಾಡದವರಾದ ನಮಗೆ ಆ ಭಯವಿಲ್ಲ. ಇಲ್ಲಿಯ ಮಾಗಿಯ ಚಳಿಯು ಒಂದು ಕಂಬಳಿಗೆ ಅಂಜುವಂಥದು. ಆದರೆ ಆಕಾಶದಿಂದ ಮಂಜುಗಡ್ಡೆಯು ನಮ್ಮ ಅಂಗಳಕ್ಕೂ ಬಂದು ಬೀಳುವದುಂಟು. ಬರುವ ಕಾಲ ಮಾತ್ರ ತಲೆಕೆಳಗು: ನೆತ್ತಿ ಸುಡುವ ಮಾರ್ಚ, ಏಪ್ರಿಲ್, ಮೇ ತಿಂಗಳುಗಳಲ್ಲಿ, ಅದೂ ಬಹುಮಟ್ಟಿಗೆ ಮಧ್ಯಾಹ್ನ ಇಳಿದ ಮೇಲೆ.

ಈ ಆಲಿಕಲ್ಲಿನ ದಾರಿ ಕಾಯುವವರು ಎರಡು ಬಗೆಯವರು. ಆರಿಸಿ ಬಾಯಿಗೆ ಹಾಕಿಕೊಳ್ಳಬೇಕೆಂದು ಕಾಯುವ ಹುಡುಗರೂ, ಹವೆಯ ಹುಚ್ಚು ಹತ್ತಿದ ಕೆಲವು ದೊಡ್ಡವರೂ ಒಂದು ಪಂಗಡ. ಸಂಜೆಗೆ ಮಾಳಿಗೆಯನ್ನೇರಿ ಮೋಡದ ತಲೆ ಎಷ್ಟು ಬೆಳೆಯಿತೆಂದು ನೋಡುವದು, ಕೈಯೊಳಗಿನ ಮೊಬೈಲಿನಲ್ಲಿ ಉಪಗ್ರಹದ ಚಿತ್ರವನ್ನೂ ಪಣಜಿಯ ರೇಡಾರಿನ ಬಣ್ಣಗಳನ್ನೂ ತಿರುತಿರುಗಿ ತೆರೆಯುವದು ಇವರ ನಿತ್ಯಕರ್ಮ. ಎರಡನೆಯ ಪಂಗಡದವರು ಅದೇ ಮೋಡವನ್ನು ಎದೆ ಹಿಡಿದುಕೊಂಡು ನೋಡುವರು. ಅವರು ಮಾವಿನ ತೋಟದವರು. ಮಾಳಿಗೆಯ ಮೇಲೆ ಸಂಡಿಗೆ ಹಪ್ಪಳ ಹರವಿದ ಗೃಹಿಣಿಯರನ್ನೂ ಇವರ ಸಾಲಿಗೇ ಸೇರಿಸಬೇಕು.

ಬಿರುಬಿಸಿಲಿನಲ್ಲಿ ಮಂಜುಗಡ್ಡೆ ಹುಟ್ಟುವದು ಹೇಗೆ? ಧಾರವಾಡವು ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರು ಎತ್ತರದಲ್ಲಿ, ಮಲೆನಾಡಿನ ಸೆರಗಿಗೂ ನವಲಗುಂದದ ಎರೆಯ ಬಯಲಿಗೂ ನಡುವೆ ಕುಳಿತ ಊರು. ಪಡುವಣ ಘಟ್ಟವನ್ನೇರಿ ಬರುವ ಅರಬೀ ಸಮುದ್ರದ ತೇವದ ಗಾಳಿಯು ಬಯಲುಸೀಮೆಯ ಒಣ ಕಾವನ್ನು ಸಂಧಿಸಿ, ಅಂದು ಮೇಲಿನ ಹವೆಯೂ ತಣ್ಣಗಿದ್ದಿತೆಂದರೆ, ಕಾದ ಗಾಳಿಯು ರಭಸದಿಂದ ಮೇಲಕ್ಕೇಳುವದು. ಮೋಡವು ಒಂದೆರಡು ತಾಸಿನಲ್ಲಿ ೧೨-೧೫ ಕಿಲೋಮೀಟರು ಎತ್ತರಕ್ಕೆ ಗೋಪುರದಂತೆ ಬೆಳೆಯುವದು. ಈ ಋತುವಿನಲ್ಲಿ ಸುಮಾರು ೫ ಕಿಲೋಮೀಟರಿನ ಮೇಲೆ ನೀರು ಹೆಪ್ಪುಗಟ್ಟುವ ಶೀತವಿರುವದು. ಆದರೂ ಅಲ್ಲಿಯ ಹನಿಗಳೆಲ್ಲ ಕೂಡಲೇ ಗಡ್ಡೆಯಾಗುವದಿಲ್ಲ. ಸೊನ್ನೆಗಿಂತ ಕೆಳಗಿನ ಉಷ್ಣಮಾನದಲ್ಲಿಯೂ ಅವು ನೀರಾಗಿಯೇ ತೇಲುತ್ತಿದ್ದು, ಒಂದು ಮಂಜಿನ ಕಣ ತಗಲಿದೊಡನೆ ಅದಕ್ಕಂಟಿ ಗಟ್ಟಿಯಾಗುವವು. ಹೀಗೆ ಪದರದ ಮೇಲೆ ಪದರ ಕೂಡುತ್ತ ಕಣವು ಕಲ್ಲಾಗುವದು. ಕೆಳಗಿನಿಂದ ನೂಕುವ ಗಾಳಿಗೆ ಅದರ ಭಾರ ತಾಳದಾದಾಗ ಕಲ್ಲು ನೆಲಕ್ಕೆ ಬೀಳುವದು. ಗಾಳಿಯ ಬಲ ಹೆಚ್ಚಿದಷ್ಟೂ ಕಲ್ಲಿನ ಗಾತ್ರವೂ ಹೆಚ್ಚು.

ದೊಡ್ಡದೊಂದು ಕಲ್ಲನ್ನು ಬೆಚ್ಚಗಿನ ಚೂರಿಯಿಂದ ಎರಡು ಹೋಳು ಮಾಡಿ ಮಕ್ಕಳಿಗೆ ತೋರಿಸಿರಿ. ಒಳಗೆ ಉಳ್ಳಾಗಡ್ಡಿಯಂತೆ ಸುತ್ತುಗಳು ಕಾಣುವವು. ಬೇಗನೆ ಹೆಪ್ಪುಗಟ್ಟಿ ಗಾಳಿಯನ್ನು ಒಳಗೆ ಸಿಕ್ಕಿಸಿಕೊಂಡ ಸುತ್ತು ಹಾಲಿನಂತೆ ಬಿಳಿದು. ನಿಧಾನವಾಗಿ ಗಟ್ಟಿಯಾದುದು ಗಾಜಿನಂತೆ ತಿಳಿ. ಮುಂಗಾರಿ ಹಿಡಿದ ಮೇಲೆ, ಅಷ್ಟೊಂದು ಮೋಡವಿದ್ದರೂ, ಆಲಿಕಲ್ಲು ಅಪರೂಪ. ಆ ಮೋಡಗಳಲ್ಲಿ ಇಷ್ಟು ರಭಸದ ಏರುಗಾಳಿಯು ಇರುವದಿಲ್ಲ.

ನಮ್ಮ ಹಿರಿಯರು ಈ ಮಳೆಗಳನ್ನು ಅಡ್ಡಮಳೆಗಳೆಂದು ಕರೆದು, ಅಶ್ವಿನಿ, ಭರಣಿ, ಕೃತ್ತಿಕೆಗಳೆಂದು ನಕ್ಷತ್ರದ ಮೇರೆಗೆ ಎಣಿಸಿದರು. ಆರನೆಯ ಶತಮಾನದ ವರಾಹಮಿಹಿರನಂತೂ ತನ್ನ ಬೃಹತ್ಸಂಹಿತೆಯಲ್ಲಿ ಮೋಡಕ್ಕೆ ಗರ್ಭಧಾರಣೆಯಾಗುವದೆಂದೂ, ಅಲ್ಲಿಂದ ೧೯೫ ದಿನಗಳಿಗೆ ಮಳೆಯ ಪ್ರಸವವೆಂದೂ ಲೆಕ್ಕ ಹಾಕಿದನು. ಲೆಕ್ಕವು ಇಂದು ನಿಲ್ಲುವಂಥದಲ್ಲ. ಆದರೆ ದಿನವೂ ಆಕಾಶವನ್ನು ನೋಡಿ ಗುರುತಿಟ್ಟುಕೊಳ್ಳುವ ಅಭ್ಯಾಸವು ಹುರುಳುಳ್ಳದ್ದು. ೧೮೭೫ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು ಈಗ ಜಿಲ್ಲೆಗೊಂದರಂತೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆ ಕೊಡುವದು. ಮುಂದಿನ ಮೂರು ತಾಸಿನ ಮುನ್ಸೂಚನೆಯನ್ನೂ ಹೊರಡಿಸುವದು. ಗುಡುಗು ಗಾಳಿಗಳ ಸಂಭವವನ್ನು ದಿನ ಮುಂಚಿತವಾಗಿ ಹೇಳಬಹುದು. ಆದರೆ ಕಲ್ಲು ಕೆಲಗೇರಿಗೆ ಬೀಳುವದೋ ನವಲೂರಿಗೆ ಬೀಳುವದೋ ಎಂಬುದನ್ನು ಹಿಂದಿನ ದಿನ ಹೇಳುವ ವಿದ್ಯೆ ಯಾರಲ್ಲಿಯೂ ಇಲ್ಲ. ಆಲಿಕಲ್ಲಿನ ಪಟ್ಟಿ ಬಲು ಕಿರಿದು. ಒಂದು ತೋಟವನ್ನು ಹಾಳುಗೆಡವಿ ಪಕ್ಕದ ತೋಟವನ್ನು ಮುಟ್ಟದೆ ಹೋಗುವದುಂಟು.

ತೋಟಗಾರನ ಸಂಕಟವು ಇಲ್ಲಿಯೇ ಇರುವದು. ಧಾರವಾಡದ ಆಪೂಸು ಬಲಿಯುವ ಕಾಲವೂ ಅಡ್ಡಮಳೆಯ ಕಾಲವೂ ಒಂದೇ. ಎಚ್ಚರಿಕೆ ಕೇಳಿ ಎಳೆಗಾಯನ್ನು ಇಳಿಸಿದರೆ ಅದು ಸುಕ್ಕುವದು, ರುಚಿಗೆ ಬಾರದು. ಇನ್ನೆಂಟು ದಿನ ಗಿಡದಲ್ಲಿ ಬಿಟ್ಟರೆ ಚಿನ್ನದ ಬೆಲೆ. ಅಷ್ಟರಲ್ಲಿ ಕಲ್ಲು ಬಿದ್ದರೆ ಪೆಟ್ಟು ತಿಂದ ಕಾಯಿ ಕಪ್ಪಾಗಿ ಕೊಳೆಯುವದು, ಉದುರಿದ್ದು ಉಪ್ಪಿನಕಾಯಿಯ ಪಾಲು. ಹೂವು ಕಂಡಾಗಲೇ ಫಲವನ್ನು ಗುತ್ತಿಗೆ ಹಿಡಿದವನಾದರೆ ವರ್ಷದ ಬಂಡವಾಳವೇ ಹೋಯಿತು. ಅರ್ಧ ತೋಟ ಬಲಿತಿದ್ದರೆ ಬಲಿತಷ್ಟನ್ನು ಇಳಿಸಿ ಉಳಿದದ್ದನ್ನು ದೈವಕ್ಕೆ ಬಿಡುವದೇ ಜಾಣತನವೆಂದು ನಮ್ಮ ಅಭಿಪ್ರಾಯ. ಹಿಮಾಚಲದ ಸೇಬಿನ ತೋಟಗಳಲ್ಲಿ ಬಲೆ ಹೊದಿಸುವರು. ನಮ್ಮ ಹಳೆಯ ಮಾವಿನ ಮರಗಳ ಎತ್ತರಕ್ಕೆ ಅದು ಆಗುವ ಕೆಲಸವಲ್ಲ. ೧೮೯೬ರಲ್ಲಿ ಆಸ್ಟ್ರಿಯಾದ ಸ್ಟೈಗರನೆಂಬ ದ್ರಾಕ್ಷಿತೋಟದವನು ಮೋಡಕ್ಕೆ ತೋಪು ಹಾರಿಸಿ ಕಲ್ಲನ್ನು ತಡೆಯಹೊರಟನು. ಯುರೋಪಿನಲ್ಲಿ ಸಾವಿರಾರು ತೋಪುಗಳು ಗರ್ಜಿಸಿದವು. ಸರಕಾರಗಳು ಪರೀಕ್ಷೆಗೆ ಹಚ್ಚಿದಾಗ ಶಬ್ದದ ಹೊರತು ಲಾಭ ಕಾಣಲಿಲ್ಲ.

ಹಾಗಾದರೆ ಒಂದೆರಡು ತಾಸಿನ ಎಚ್ಚರಿಕೆಯಿಂದ ಪ್ರಯೋಜನವೇನು? ಬಹಳವಿದೆ. ಕೊಯ್ದ ಕಾಯಿ ಒಳಸೇರುವದು, ದನಕರು ಕೊಟ್ಟಿಗೆ ಸೇರುವವು, ಹೊಲದವರು ಮನೆ ಸೇರುವರು. ೧೮೮೮ರ ಏಪ್ರಿಲ್ ೩೦ರಂದು ಉತ್ತರ ಹಿಂದುಸ್ಥಾನದ ಮುರಾದಾಬಾದಿನ ಸುತ್ತಮುತ್ತ ಆಲಿಕಲ್ಲಿಗೆ ೨೪೬ ಜನರು ಬಲಿಯಾದರು. ಇಂದಿಗೂ ಜಗತ್ತಿನ ದಾಖಲೆಯಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆಯಿಲ್ಲ. ಕಲ್ಲಿನಿಂದ ತಲೆ ಉಳಿಸಿಕೊಳ್ಳಲು ಒಂಟಿ ಮರದ ಕೆಳಗೆ ನಿಲ್ಲುವವರು ಸಿಡಿಲನ್ನು ಮರೆಯಬಾರದು. ಎರಡೂ ಒಂದೇ ಮೋಡದಿಂದ ಬರುವವು.

ವಿಮೆಯ ಮಾತೊಂದು ಉಳಿಯಿತು. ೨೦೧೬ರಲ್ಲಿ ಮೊದಲಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲಿನ ಹಾನಿಯನ್ನು ೭೨ ತಾಸುಗಳೊಳಗೆ ತಿಳಿಸಬೇಕೆಂಬ ನಿಯಮವುಂಟು. ತೋಟದ ಬೆಳೆಗಳ ಕಟ್ಟಳೆ ಬೇರೆಯಿರುವದರಿಂದ ಮಾವಿನವರು ಕಂತು ಕಟ್ಟುವಾಗಲೇ ಕೇಳಿ ಬರೆದುಕೊಳ್ಳಬೇಕು. ಪಂಚನಾಮೆಯವರು ಬರುವವರೆಗೆ ಕಲ್ಲು ಕಾಯುವದಿಲ್ಲ, ಅರ್ಧ ತಾಸಿನಲ್ಲಿ ನೀರಾಗುವದು. ಆದುದರಿಂದ ಮಳೆ ನಿಂತೊಡನೆ ಗಿಡದ ಬುಡದಲ್ಲಿಯ ಕಲ್ಲುಗಳ ಬದಿಗೆ ಒಂದು ಲಿಂಬೆಹಣ್ಣನ್ನಿಟ್ಟು, ಗಾತ್ರ ತಿಳಿಯುವಂತೆ, ಛಾಯಾಚಿತ್ರ ತೆಗೆದಿಡಿರಿ; ಉದುರಿದ ಕಾಯಿಗಳನ್ನು ಎಣಿಸುವ ಮುಂಚೆ ಗುಡಿಸಬೇಡಿರಿ.